ಹೊಸ ಡ್ರಮ್ಮರ್, ಹಳೆಯ ಹಾಡು

ನವಿ ಮುಂಬಯಿಯ ನೆರುಲ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2019ರ ಡಿಸೆಂಬರ್ 15ರಂದು ಐರ್ಲೆಂಡಿನ ಯು2 ತಂಡ ಹಾಡಿತು. 2025ರ ಜನವರಿಯಲ್ಲಿ ಅಲ್ಲೇ ಮೂರು ಸಂಜೆ ಇಂಗ್ಲೆಂಡಿನ ಕೋಲ್ಡ್‌ಪ್ಲೇ. ಥಾಣೆ, ಡೊಂಬಿವಲಿ, ಕಲ್ಯಾಣ್ ಕಡೆಯ ಹುಡುಗ ಹುಡುಗಿಯರು ಲೋಕಲ್ ರೈಲು ಹಿಡಿದು ಹೋಗಿ, ಬೆವರಿ, ಗಂಟಲು ಹರಿದುಕೊಂಡು ವಾಪಸಾದರು. ಎರಡೂ ತಂಡಗಳಿಗೆ ಇರುವ ಒಂದು ಸಾಮ್ಯವನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಎರಡರಲ್ಲೂ ಆಳು ಬದಲಾಗಿಲ್ಲ. ಯು2ನಲ್ಲಿ 1978ರಿಂದ ಅದೇ ನಾಲ್ವರು, ಕೋಲ್ಡ್‌ಪ್ಲೇಯಲ್ಲಿ 1998ರಿಂದ ಅದೇ ನಾಲ್ವರು.

ಇದು ರೂಢಿಗೆ ತೀರಾ ಹೊರಗಿನ ಮಾತು. ರಾಕ್ ತಂಡಗಳಲ್ಲಿ ಜನ ಬರುತ್ತಾರೆ, ಹೋಗುತ್ತಾರೆ, ಜಗಳವಾಡಿ ಹೋಗುತ್ತಾರೆ, ಸಾಯುತ್ತಾರೆ, ಅಮೆರಿಕಕ್ಕೆ ಹೋಗುತ್ತಾರೆ. ಡೀಪ್ ಪರ್ಪಲ್‌ನ ಅಭಿಮಾನಿಗಳು ತಮ್ಮ ತಂಡದ ಒಂದೊಂದು ಅವತಾರಕ್ಕೂ ನಂಬರ್ ಕೊಟ್ಟು ಎಣಿಸುತ್ತಾರೆ. ಎಣಿಕೆ ಈಗ ಒಂಬತ್ತಕ್ಕೆ ಬಂದಿದೆ. ಹಳೆಯ ತಂಡವೊಂದು ಹೊಸ ಮುಖಗಳೊಂದಿಗೆ ವೇದಿಕೆ ಹತ್ತಿದಾಗ ಕೇಳುಗರಲ್ಲಿ ಎರಡು ಪಕ್ಷ ಹುಟ್ಟುವುದು ಮಾಮೂಲು. ಒಂದು ಪಕ್ಷಕ್ಕೆ ಇದು ಹೆಸರು ಮಾರಿಕೊಳ್ಳುವ ದಂಧೆ, ಇನ್ನೊಂದಕ್ಕೆ ಹೊಸಬ ಹಳಬನಿಗಿಂತ ವಾಸಿ. ವಾದ ನಡೆಯುವುದು ಹೆಚ್ಚಾಗಿ ಹಾಡುವವನ ಬಗ್ಗೆ, ಇಲ್ಲವೇ ಗಿಟಾರ್‌ನವನ ಬಗ್ಗೆ. ನನಗೆ ಕಂಡಂತೆ ಇಬ್ಬರೂ ನೋಡಬೇಕಾದ ಕಡೆ ನೋಡುತ್ತಿಲ್ಲ. ಹಿಂದೆ ಇರುವ ಡ್ರಮ್ಸ್, ಬಾಸ್‌ನವರನ್ನು ನೋಡಬೇಕು.

ಆಳು ಬದಲಾದರೆ ಏನಾಗುತ್ತದೆಂದು ಅರ್ಥ ಮಾಡಿಕೊಳ್ಳಲು ನಮಗೆ ಯಕ್ಷಗಾನ ಸಾಕು. ಮಳೆಗಾಲಕ್ಕೆ ಮುಂಚೆ, ಪತ್ತನಾಜೆಗೆ, ಮೇಳಗಳ ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿದ ಮೇಲೆ ಯಾವ ಭಾಗವತರು ಯಾವ ಮೇಳಕ್ಕೆ, ಯಾವ ಮದ್ದಳೆಗಾರರು ಯಾರ ಜೊತೆಗೆ ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ಡೊಂಬಿವಲಿ, ಥಾಣೆ, ನವಿ ಮುಂಬಯಿಯ ಸಭಾಗೃಹಗಳಲ್ಲಿ ಆಟ ಆಡುವಾಗಲಂತೂ ಮೂರು ಮೇಳದವರು ಒಂದೇ ರಂಗದಲ್ಲಿರುತ್ತಾರೆ. ಒಟ್ಟಿಗೆ ಅಭ್ಯಾಸ ಮಾಡಿರುವುದಿಲ್ಲ. ಚೌಕಿಯಲ್ಲಿ ಬಣ್ಣ ಹಚ್ಚುತ್ತಲೇ ನಾಲ್ಕು ಮಾತು, ಅಷ್ಟೇ. ಆದರೂ ಆಟ ರೈಸುತ್ತದೆ. ಪ್ರಸಂಗ ಎಲ್ಲರಿಗೂ ಗೊತ್ತು, ತಾಳ ಗೊತ್ತು, ಏರುಪದ್ಯಕ್ಕೆ ಚೆಂಡೆ ಎಲ್ಲಿ ಬೀಳಬೇಕೆಂದು ಗೊತ್ತು. ವ್ಯಾಕರಣ ಎಲ್ಲರದೂ ಒಂದೇ. ಹಿಂದೂಸ್ತಾನಿಯವರೂ ಹೀಗೆಯೇ. ಡೊಂಬಿವಲಿಯಂಥ ಸಂಗೀತದ ಊರಿನಲ್ಲಿ ಗಾಯಕರು ತಬಲಾದವರನ್ನು ಕಛೇರಿಗೆ ಅರ್ಧ ಗಂಟೆ ಮುಂಚೆ ಮೊದಲ ಬಾರಿ ಭೇಟಿಯಾಗುವುದೂ ಉಂಟು. ವಿಳಂಬಿತ ಏಕತಾಲ ಎಂದರೆ ಸಾಕು, ಮುಂದಿನದು ನಡೆಯುತ್ತದೆ.

ರಾಕ್ ತಂಡಕ್ಕೆ ಈ ಸೌಲಭ್ಯವಿಲ್ಲ. ತಂತ್ರದ ದೃಷ್ಟಿಯಿಂದ ಖಯಾಲ್‌ಗಿಂತ ಎಷ್ಟೋ ಸರಳವಾದ ಸಂಗೀತ ಅದು. ನಾಲ್ಕು ಮಾತ್ರೆ, ಮೂರೋ ನಾಲ್ಕೋ ಕಾರ್ಡ್. ಆದರೆ ಅಲ್ಲಿ ಹಾಡು ಬೇರೆ, ನುಡಿಸುವವರು ಬೇರೆ ಎಂಬ ಗೆರೆ ಇಲ್ಲ. ನಾಲ್ವರು ಒಂದು ಕೋಣೆಯಲ್ಲಿ ಕೂತು, ಒಬ್ಬೊಬ್ಬರ ಕೈಗೆ ಬಂದದ್ದನ್ನು, ಬಾರದ್ದನ್ನು ನೋಡಿಕೊಂಡು ಹಾಡು ಕಟ್ಟಿರುತ್ತಾರೆ. ಬಾಸ್‌ನವನಿಗೆ ವೇಗದ ಸ್ವರ ನುಡಿಸಲು ಆಗುವುದಿಲ್ಲವೆಂದು ಅಲ್ಲೊಂದು ಜಾಗ ಖಾಲಿ ಬಿಟ್ಟಿರುತ್ತಾರೆ, ಆ ಖಾಲಿ ಜಾಗವೇ ಆಮೇಲೆ ಹಾಡಿನ ಗುರುತಾಗುತ್ತದೆ. ಇದನ್ನು ಯಾರೂ ಬರೆದಿಡುವುದಿಲ್ಲ. ಬಿಟ್ಟುಹೋಗುವವನು ತನ್ನ ಗಿಟಾರಿನ ಜೊತೆಗೆ ಅದನ್ನೂ ಒಯ್ಯುತ್ತಾನೆ.

ಹೊಸ ಡ್ರಮ್ಮರ್ ಬಂದ ಮೊದಲ ದಿನ ಜ್ಯಾಮ್ ಪ್ಯಾಡ್‌ನಲ್ಲಿ, ಅಂದರೆ ಅಭ್ಯಾಸದ ಕೋಣೆಯಲ್ಲಿ, ಏನಾಗುತ್ತದೆ ನೋಡಿ. ಹುಡುಗ ಮನೆಯಲ್ಲಿ ರೆಕಾರ್ಡಿಂಗ್ ಕೇಳಿ ಪೂರ್ತಿ ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ. ಒಂದು ರೋಲ್ ಕೂಡ ತಪ್ಪಿಲ್ಲ. ಆದರೂ ಹಾಡುವವಳು ಪಲ್ಲವಿಯ ಕೊನೆಯ ಸಾಲಿನಲ್ಲಿ ಉಸಿರು ಸಾಲದೆ ನಿಲ್ಲುತ್ತಾಳೆ. ಹತ್ತು ವರ್ಷದಿಂದ ಹಾಡಿದ ಸಾಲು, ಇವತ್ತು ಯಾಕೆ ಹೀಗೆ? ಹಳೆಯ ಡ್ರಮ್ಮರ್ ಪಲ್ಲವಿ ಬಂದಾಗ ಉತ್ಸಾಹಕ್ಕೆ ಸ್ವಲ್ಪ ಓಡುತ್ತಿದ್ದ. ಅವನಿಗೂ ಅದು ಗೊತ್ತಿರಲಿಲ್ಲ. ಇವಳ ಉಸಿರು ಆ ಓಟಕ್ಕೆ ಒಗ್ಗಿತ್ತು. ಹೊಸಬ ಮೆಟ್ರೊನೋಮ್ ಇಟ್ಟು ಕಲಿತವನು, ಲಯ ಅಲುಗಾಡುವುದಿಲ್ಲ, ಹಾಗಾಗಿ ಅದೇ ಸಾಲು ಈಗ ಕೂದಲೆಳೆಯಷ್ಟು ಉದ್ದ. ಶಾಸ್ತ್ರ ಹಿಡಿದು ಹೇಳುವುದಾದರೆ ಹೊಸಬನೇ ಸರಿ. ಕಿವಿಗೆ ಮಾತ್ರ ಏನೋ ಬಿಗಿದುಕೊಂಡಂತೆ.

ಅದರ ಮೇಲೆ ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಏಟಿನ ಪ್ರಶ್ನೆ. ನಾಲ್ಕು ಮಾತ್ರೆಯಲ್ಲಿ ಎರಡನೆಯದು, ನಾಲ್ಕನೆಯದು ಸ್ನೇರ್‌ನ ಪಾಲು. ಕೆಲವರು ಮಾತ್ರೆಯ ನೆತ್ತಿಗೇ ಹೊಡೆಯುತ್ತಾರೆ. ಕೆಲವರು ಸೆಕೆಂಡಿನ ನೂರನೆಯ ಒಂದೆರಡು ಭಾಗದಷ್ಟು ತಡವಾಗಿ ಹೊಡೆಯುತ್ತಾರೆ, ಹಾಡು ಹಿಂದಕ್ಕೆ ಒರಗಿ ಕೂತಂತೆ ಕೇಳಿಸುತ್ತದೆ. ಇದನ್ನು ಕೇಳುಗ ಎಣಿಸಲಾರ, ಆದರೆ ಅವನ ಕಾಲು ಎಣಿಸುತ್ತದೆ. ಬಾಸ್‌ನವನು ಕಾಲಿನಿಂದ ಹೊಡೆಯುವ ಕಿಕ್ ಡ್ರಮ್ಮಿನ ಜೊತೆಗೆ ತನ್ನ ಸ್ವರವನ್ನು ಅಂಟಿಸಿಕೊಂಡೇ ವರ್ಷಗಟ್ಟಲೆ ನುಡಿಸಿರುತ್ತಾನೆ. ಕಿಕ್ ಕದಲಿದರೆ ಅವನೂ ಕದಲಬೇಕು. ಅವನ ಮೇಲೆ ಗಿಟಾರ್ ನಿಂತಿದೆ, ಗಿಟಾರಿನ ಮೇಲೆ ಹಾಡು. ಗಾಯಕ ಬದಲಾದರೆ ಮುಖ ಬದಲಾಯಿತೆಂದು ಸಭೆಗೆ ಗೊತ್ತಾಗುತ್ತದೆ. ಡ್ರಮ್ಮರ್ ಬದಲಾದರೆ ಸಭೆಗೆ ಗೊತ್ತಾಗುವುದಿಲ್ಲ, ಆದರೆ ಆ ದಿನ ಎಲ್ಲರೂ ಬೇರೆ ರೀತಿ ನುಡಿಸುತ್ತಾರೆ.

ರೋಲಿಂಗ್ ಸ್ಟೋನ್ಸ್ ಇದಕ್ಕೆ ಒಳ್ಳೆಯ ಪಾಠ. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ, ಆಮೇಲೆ ಮುಂಬಯಿಯಲ್ಲಿ ಅವರನ್ನು ಕೇಳಿದವರಿಗೆ ಸಿಕ್ಕಿದ್ದು ಚಾರ್ಲಿ ವಾಟ್ಸ್ ಡ್ರಮ್ಸ್. ಆ ಮನುಷ್ಯನಿಗೆ ಒಂದು ಚಾಳಿ. ಸ್ನೇರ್ ಹೊಡೆಯುವ ಕ್ಷಣದಲ್ಲಿ ಬಲಗೈಯನ್ನು ಹೈಹ್ಯಾಟ್ ಎಂಬ ಜೋಡಿ ಸಿಂಬಲ್‌ನಿಂದ ಎತ್ತಿಬಿಡುತ್ತಿದ್ದರು. ಬೇರೆಯವರು ಎರಡನ್ನೂ ಒಟ್ಟಿಗೆ ಹೊಡೆಯುವ ಜಾಗದಲ್ಲಿ ಇವರದು ಸ್ನೇರ್ ಒಂದೇ, ಸುತ್ತ ಗಾಳಿ. ಸಾಮಾನ್ಯವಾಗಿ ತಂಡಗಳು ಡ್ರಮ್ಮರನ ಹಿಂದೆ ಹೋಗುತ್ತವೆ. ಸ್ಟೋನ್ಸ್‌ನಲ್ಲಿ ಡ್ರಮ್ಮರ್ ಗಿಟಾರಿನ ಕೀತ್ ರಿಚರ್ಡ್ಸ್ ಹಿಂದೆ ಹೋಗುತ್ತಿದ್ದರು, ಬಾಸ್ ಸ್ವಲ್ಪ ಮುಂದೆ ವಾಲುತ್ತಿತ್ತು. ತಂಡದ ಆ ತೂಗಾಟದ ಗುಟ್ಟು ಇದೇ ಎಂದು ಅವರ ಹಳೆಯ ಬಾಸ್ ವಾದಕ ಬಿಲ್ ವೈಮನ್ ಹೇಳಿಕೊಂಡಿದ್ದುಂಟು. ವೈಮನ್ 1993ರಲ್ಲಿ ಹೊರಬಂದರು, ಡ್ಯಾರಿಲ್ ಜೋನ್ಸ್ ಬಂದರು. ತಂಡ ಅಷ್ಟೇನೂ ಕದಲಲಿಲ್ಲ. 2021ರ ಆಗಸ್ಟ್‌ನಲ್ಲಿ ವಾಟ್ಸ್ ತೀರಿಕೊಂಡು ಸ್ಟೀವ್ ಜೋರ್ಡಾನ್ ಕೂತಾಗ ಹಾಡುಗಳಿಗೆ ಬೆನ್ನುಮೂಳೆ ಗಟ್ಟಿಯಾಯಿತು, ತೂಗಾಟ ಕಡಿಮೆಯಾಯಿತು. ಜೋರ್ಡಾನ್ ವಾಟ್ಸ್‌ಗಿಂತ ಕಡಿಮೆ ವಾದಕ ಎಂದು ಯಾರೂ ಹೇಳಲಾರರು. ತಂಡ ಮಾತ್ರ ಬೇರೆ.

ಯು2ಗೂ ಇದು ತಟ್ಟಿತು. ನೆರುಲ್‌ಗೆ ಬಂದುಹೋದ ನಾಲ್ಕು ವರ್ಷಕ್ಕೆ, 2023ರ ಸೆಪ್ಟೆಂಬರ್‌ನಲ್ಲಿ, ಲಾಸ್ ವೇಗಸ್‌ನ ಸ್ಫಿಯರ್‌ನಲ್ಲಿ ಅವರ ಕಛೇರಿ ಸರಣಿ ಶುರುವಾದಾಗ ಡ್ರಮ್ಸ್‌ನಲ್ಲಿ ಲ್ಯಾರಿ ಮಲನ್ ಇರಲಿಲ್ಲ. ದೇಹಕ್ಕೆ ಚಿಕಿತ್ಸೆ ಬೇಕಾಗಿತ್ತು. ತಾತ್ಕಾಲಿಕವಾಗಿ ಡಚ್ ವಾದಕ ಬ್ರ್ಯಾಮ್ ವಾನ್ ಡೆನ್ ಬರ್ಗ್ ಕೂತರು. ಮಲನ್ ಹುಡುಗನಾಗಿದ್ದಾಗ ಮೆರವಣಿಗೆಯ ಬ್ಯಾಂಡ್‌ನಲ್ಲಿ ಕಲಿತವರು. ಆ ಸಿಪಾಯಿ ನಡೆ ಯು2ನ ಎಷ್ಟೋ ಹಾಡುಗಳ ಕೆಳಗೆ ಇದೆ. ಬದಲಿಗೆ ಬಂದವರು ಅದನ್ನು ಕಲಿತು ನುಡಿಸಬಹುದು, ನುಡಿಸಿದರು ಕೂಡ.

ಇನ್ನು ಡೀಪ್ ಪರ್ಪಲ್. 1972ರ ಅವರ ‘ಸ್ಮೋಕ್ ಆನ್ ದಿ ವಾಟರ್’ನ ಗಿಟಾರ್ ಸಾಲು ನುಡಿಸದ ಕಾಲೇಜು ಹುಡುಗ ಕಲ್ಯಾಣದಿಂದ ಕಾರವಾರದವರೆಗೆ ಸಿಗಲಿಕ್ಕಿಲ್ಲ. ಹೆಚ್ಚಿನವರು ಅದನ್ನು ಪಿಕ್ ಹಿಡಿದು ನುಡಿಸುತ್ತಾರೆ, ಒಂದು ತಂತಿಯ ಹಿಂದೆ ಇನ್ನೊಂದು ಮೊಳಗುತ್ತದೆ. ರಿಚಿ ಬ್ಲ್ಯಾಕ್‌ಮೋರ್ ಎರಡು ತಂತಿಗಳನ್ನು ಬೆರಳಲ್ಲೇ ಒಟ್ಟಿಗೆ ಎಳೆದು ಬಿಡುತ್ತಾರೆ, ಎರಡೂ ಒಂದೇ ಕ್ಷಣಕ್ಕೆ ಸಿಡಿಯುತ್ತವೆ. ಇಷ್ಟು ಸಣ್ಣ ವ್ಯತ್ಯಾಸ ಸಾಕು, ಕೇಳಿದವರಿಗೆ ‘ಇದು ಅದಲ್ಲ’ ಅನ್ನಿಸಲು. ಬ್ಲ್ಯಾಕ್‌ಮೋರ್ 1993ರಲ್ಲಿ ಪ್ರವಾಸದ ನಡುವೆಯೇ ಬಿಟ್ಟುಹೋದರು. ಮರುವರ್ಷ ಬಂದ ಸ್ಟೀವ್ ಮೋರ್ಸ್ 2022ರವರೆಗೆ ಇದ್ದರು, ಅಂದರೆ ಬ್ಲ್ಯಾಕ್‌ಮೋರ್‌ಗಿಂತ ಹೆಚ್ಚು ಕಾಲ. ಮೋರ್ಸ್ ಬೇರೆಯದೇ ಶಾಲೆಯ ವಾದಕ, ಸ್ವರಗಳನ್ನು ಒಂದೊಂದಾಗಿ ಕೊರೆದು ಜೋಡಿಸುವ ಕೈ. 2002ರಲ್ಲಿ ಹ್ಯಾಮಂಡ್ ಆರ್ಗನ್‌ನ ಜಾನ್ ಲಾರ್ಡ್ ಜಾಗಕ್ಕೆ ಡಾನ್ ಏರಿ ಬಂದರು. ತಂಡದ ಮುಖವೆಂದು ಜನ ತಿಳಿದಿದ್ದ ಎರಡು ವಾದ್ಯಗಳೂ ಹೀಗೆ ಬದಲಾದವು. ಆದರೂ ಕಣ್ಣು ಮುಚ್ಚಿ ಕೇಳಿದರೆ ಇದು ಡೀಪ್ ಪರ್ಪಲ್ ಎಂದು ಹೇಳಬಹುದು. ಕಾರಣ ಡ್ರಮ್ಸ್‌ನ ಇಯನ್ ಪೇಸ್. 1968ರಿಂದ ಎಲ್ಲ ಅವತಾರಗಳಲ್ಲೂ ಇರುವ ಏಕೈಕ ವ್ಯಕ್ತಿ ಅವರು. ಬಾಸ್‌ನ ರೋಜರ್ ಗ್ಲೋವರ್ ಅವರ ಪಕ್ಕದಲ್ಲಿದ್ದಾರೆ. ಹಿಮ್ಮೇಳ ಉಳಿದಿತ್ತು, ಮುಮ್ಮೇಳ ವೇಷ ಬದಲಿಸಿತು.

ನಮ್ಮ ದೇಶದ ತಂಡಗಳಲ್ಲಿ ಇದೇ ಮಾತಿಗೆ ಸಾಕ್ಷಿ ಬೇಕಾದರೆ ದೆಹಲಿಯ ಇಂಡಿಯನ್ ಓಷನ್ ಇದೆ. ಅದರ ಅಸೀಮ್ ಚಕ್ರವರ್ತಿ ತಬಲಾ ನುಡಿಸುತ್ತಲೇ ಹಾಡುತ್ತಿದ್ದವರು. ಅವರ ಆಲಾಪ ಎಲ್ಲಿ ಉಸಿರೆಳೆಯುತ್ತಿತ್ತೋ ಅಲ್ಲಿ ಕೈಯೂ ಹಗುರಾಗುತ್ತಿತ್ತು, ಎರಡಕ್ಕೂ ಒಂದೇ ಎದೆ ತಾನೆ. 2009ರ ಡಿಸೆಂಬರ್ 25ರಂದು ಅವರು ತೀರಿಕೊಂಡಾಗ ಜಾಗ ತುಂಬಲು ಇಬ್ಬರು ಬೇಕಾದರು, ಹಾಡಲು ಹಿಮಾಂಶು ಜೋಶಿ, ತಬಲಾಕ್ಕೆ ತುಹೀನ್ ಚಕ್ರವರ್ತಿ. ಒಬ್ಬರು ಹಾಡಿ ಒಬ್ಬರು ನುಡಿಸುವಾಗ ನಡುವೆ ಕಣ್ಸನ್ನೆ ಬೇಕು, ಒಪ್ಪಂದ ಬೇಕು. ಮೊದಲು ತಾನಾಗಿ ಆಗುತ್ತಿದ್ದದ್ದನ್ನು ಈಗ ಯೋಚಿಸಿ ಮಾಡಬೇಕು. ಲಾಭವೂ ಆಯಿತು: ಕೈ ಕಟ್ಟಿಲ್ಲದ ಗಾಯಕ ಗಂಟಲನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. 2013ರಲ್ಲಿ ಸ್ಥಾಪಕ ಗಿಟಾರ್ ವಾದಕ ಸುಸ್ಮಿತ್ ಸೇನ್ ಕೂಡ ಹೊರಟರು, ನಿಖಿಲ್ ರಾವ್ ಬಂದರು. ಹೀಗೆ ಇಬ್ಬರು ಮೂಲಪುರುಷರೂ ಇಲ್ಲದ ತಂಡ ಇವತ್ತಿಗೂ ಅದೇ ಹೆಸರಲ್ಲಿ ನಡೆಯುತ್ತಿದೆ, ಅದೇ ತಂಡವೆಂದು ಒಪ್ಪಿಸಿಕೊಳ್ಳುತ್ತಿದೆ. ಬಾಸ್‌ನ ರಾಹುಲ್ ರಾಮ್, ಡ್ರಮ್ಸ್‌ನ ಅಮಿತ್ ಕಿಲಂ ಕದಲದೆ ಕೂತಿರುವುದರಿಂದ ಎಂದು ನಾನು ಹೇಳುತ್ತೇನೆ. ಸುಸ್ಮಿತ್‌ರ ಆ ಅಕೂಸ್ಟಿಕ್ ಗಿಟಾರಿನ ಗುಂಗು ಮಾತ್ರ ಹೋಯಿತು, ಅದಕ್ಕೆ ಮದ್ದಿಲ್ಲ.

ಇದಕ್ಕೆ ತದ್ವಿರುದ್ಧವಾದ ಪ್ರಯೋಗ ನಡೆದದ್ದು ಮುಂಬಯಿಯಲ್ಲೇ. 1984ರಲ್ಲಿ ಹುಟ್ಟಿದ ರಾಕ್ ಮೆಷೀನ್ ಕಥೆ ಈಗಿನ ಐವತ್ತು ದಾಟಿದವರಿಗೆ ಹೇಳಬೇಕಾಗಿಲ್ಲ. ಧೋಬಿ ತಲಾವ್‌ನ ರಂಗಭವನದಲ್ಲಿ ರಾಕ್ ಕಛೇರಿ ಮುಗಿಸಿ ವಿ.ಟಿ. ನಿಲ್ದಾಣಕ್ಕೆ ಓಡಿ ಕೊನೆಯ ಲೋಕಲ್ ಹಿಡಿದು ಮಧ್ಯರಾತ್ರಿ ಡೊಂಬಿವಲಿಗೋ ಕಲ್ಯಾಣಕ್ಕೋ ಇಳಿಯುತ್ತಿದ್ದ ಪೀಳಿಗೆ ಅದು. ಆಗ ಇಂಗ್ಲಿಷ್ ರಾಕ್ ಎಂದರೆ ಪರದೇಶದ ಹಾಡುಗಳ ನಕಲು. ಈ ತಂಡ ಸ್ವಂತ ಹಾಡು ಬರೆದು 1988ರಲ್ಲಿ ‘ರಾಕ್ ಎನ್ ರೋಲ್ ರೆನೆಗೇಡ್’, 1990ರಲ್ಲಿ ‘ದಿ ಸೆಕೆಂಡ್ ಕಮಿಂಗ್’ ಆಲ್ಬಮ್ ತಂದಿತು. 1993ರಲ್ಲಿ ಇಂಡಸ್ ಕ್ರೀಡ್ ಎಂದು ಹೆಸರು ಬದಲಿಸಿಕೊಂಡು 1995ರಲ್ಲಿ ಅದೇ ಹೆಸರಿನ ಆಲ್ಬಮ್ ಮಾಡಿತು. 1997ರಲ್ಲಿ ಮುಚ್ಚಿತು. ಗಾಯಕ ಉದಯ್ ಬೆನೆಗಲ್ ನ್ಯೂಯಾರ್ಕ್ ಸೇರಿದರು.

2010ರಲ್ಲಿ ತಂಡ ಮತ್ತೆ ಕೂಡಿದಾಗ ಹಳಬರು ಮೂವರು: ಹಾಡುವ ಉದಯ್, ಗಿಟಾರಿನ ಮಹೇಶ್ ತಿನೈಕರ್, ಕೀಬೋರ್ಡಿನ ಜುಬಿನ್ ಬಾಲಪೋರಿಯಾ. 1995ರ ಆಲ್ಬಮ್‌ನಲ್ಲಿ ಬಾಸ್ ನುಡಿಸಿದ್ದ ಮಾರ್ಕ್ ಸೆಲ್ವಿನ್, ಡ್ರಮ್ಸ್‌ನ ಬಾಬಿ ದುಗ್ಗಲ್ ಇರಲಿಲ್ಲ. ಅವರ ಜಾಗಕ್ಕೆ ಬಂದ ರುಶಾದ್ ಮಿಸ್ತ್ರಿ, ಜೈ ರಾವ್ ಕವಿ ಒಂದು ಪೀಳಿಗೆ ಕಿರಿಯರು. ಅಂದರೆ ಡೀಪ್ ಪರ್ಪಲ್ ಮಾಡಿದ್ದರ ಉಲ್ಟಾ. ಮುಮ್ಮೇಳ ಹಳೆಯದು, ಹಿಮ್ಮೇಳ ಪೂರ್ತಿ ಹೊಸದು. ಎರಡು ವರ್ಷದ ನಂತರ ಬಂದ ‘ಇವಾಲ್ವ್’ ಆಲ್ಬಮ್ ಕೇಳಿ, ಆಮೇಲೆ 1995ರದನ್ನು ಕೇಳಿ. ಗಂಟಲು ಅದೇ, ಗಿಟಾರಿನ ಬಾಗು ಅದೇ. ಆದರೆ ಕೆಳಗಿನ ನೆಲ ಬೇರೆ. ಹಳೆಯ ಹಾಡುಗಳಲ್ಲಿ ಡ್ರಮ್ಸ್ ಹಾಡನ್ನು ಹೊತ್ತು ನೇರ ದಾರಿಯಲ್ಲಿ ನಡೆಯುತ್ತದೆ. ಹೊಸದರಲ್ಲಿ ಅದು ಹಾಡಿನ ಜೊತೆ ವಾದಕ್ಕಿಳಿಯುತ್ತದೆ, ನಿಲ್ಲುತ್ತದೆ, ಅಡ್ಡ ತಿರುಗುತ್ತದೆ, ಬಾಸ್ ಅದರ ಕಿವಿಯಲ್ಲಿ ಏನೋ ಹೇಳುತ್ತದೆ. ಹಾಡುಗಳು ಉದ್ದವಾಗಿವೆ, ಗಡಸಾಗಿವೆ. ಅದನ್ನು ಮಿಕ್ಸ್ ಮಾಡಿದ್ದು ಇಂಗ್ಲೆಂಡ್ ಮೂಲದ ಟಿಮ್ ಪಾಮರ್, ಶಬ್ದದ ಅಚ್ಚುಕಟ್ಟಿಗೆ ಅವರ ಪಾಲೂ ಇದೆ. ಆದರೆ ಹಾಡಿನ ಎಲುಬು ಬದಲಾಗಿದ್ದು ಮಿಕ್ಸಿಂಗ್ ಕೋಣೆಯಲ್ಲಿ ಅಲ್ಲ. ನಲವತ್ತು ದಾಟಿದ ಗಿಟಾರ್‌ನವರ ಬೆನ್ನಿಗೆ ಬೇರೆ ಸಂಗೀತ ಕೇಳಿ ಬೆಳೆದ ಡ್ರಮ್ಮರ್ ಕೂತರೆ, ಅವರ ಕೈಯೂ ಬೇರೆ ಹಾಡು ಹುಡುಕುತ್ತದೆ.

ವಯಸ್ಸಾದ ತಂಡಗಳಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯುತ್ತದೆ. ಗಾಯಕನ ಗಂಟಲು ಮೇಲಿನ ಸ್ವರಕ್ಕೆ ಏರದಾದಾಗ ಗಿಟಾರಿನ ತಂತಿಗಳನ್ನೆಲ್ಲ ಅರ್ಧ ಸ್ವರ, ಒಂದು ಸ್ವರ ಇಳಿಸುತ್ತಾರೆ. ಬೆರಳ ಜಾಗ ಬದಲಾಗುವುದಿಲ್ಲ, ತಂತಿ ಮಾತ್ರ ಸಡಿಲ, ಹಾಗಾಗಿ ಶಬ್ದ ದಪ್ಪ. ‘ಆಹಾ, ಈಗ ಎಷ್ಟು ಭಾರವಾಗಿ ನುಡಿಸುತ್ತಾರೆ’ ಎಂದು ಹೊಗಳುವವರಿಗೆ ಅದರ ಹಿಂದೆ ಅರವತ್ತರ ಗಂಟಲಿದೆ ಎಂಬುದು ಹೊಳೆಯುವುದಿಲ್ಲ.

ನಮ್ಮ ಈ ಪಟ್ಟಿಯಲ್ಲಿ, ಅಂದರೆ ಮುಲುಂಡ್ ದಾಟಿ ಕಲ್ಯಾಣದವರೆಗೆ, ಆಚೆ ಐರೋಲಿಯಿಂದ ಬೇಲಾಪುರದವರೆಗೆ, ತಂಡ ಒಡೆಯಲು ಜಗಳವೇ ಬೇಕಾಗಿಲ್ಲ. ಐರೋಲಿ, ಮಹಾಪೆಯ ಕಂಪನಿಯಲ್ಲಿ ಬಾಸ್‌ನವನಿಗೆ ರಾತ್ರಿ ಪಾಳಿ ಬಿದ್ದರೆ ಮುಗಿಯಿತು. ಹೌಸಿಂಗ್ ಸೊಸೈಟಿಯಲ್ಲಿ ಡ್ರಮ್ಸ್ ಹೊಡೆಯುವಂತಿಲ್ಲ, ಗಂಟೆಗಿಷ್ಟು ಎಂದು ಕೊಟ್ಟು ಜ್ಯಾಮ್ ಪ್ಯಾಡ್ ಹಿಡಿಯಬೇಕು. ಡ್ರಮ್ ಸೆಟ್ಟನ್ನು ಲೋಕಲ್‌ನಲ್ಲಿ ಹೊರುವುದು ಅಸಾಧ್ಯ, ಡ್ರಮ್ಮರುಗಳು ಸಿಂಬಲ್, ಸ್ನೇರ್, ಕಿಕ್ ಪೆಡಲ್ ಮಾತ್ರ ಚೀಲದಲ್ಲಿ ಹಾಕಿಕೊಂಡು ಹೋಗಿ ಅಲ್ಲಿದ್ದ ಸೆಟ್ಟಿಗೆ ಜೋಡಿಸಿಕೊಳ್ಳುತ್ತಾರೆ. ಸಂಜೆ ಏಳರ ಡೊಂಬಿವಲಿ ಗಾಡಿಯಲ್ಲಿ ಬೆನ್ನಿಗೆ ಗಿಟಾರ್ ಹಾಕಿಕೊಂಡು ಹತ್ತಿದವನಿಗೆ ಸಹಪ್ರಯಾಣಿಕರಿಂದ ಸಿಗುವ ಆಶೀರ್ವಾದ ಇಲ್ಲಿ ಬರೆಯುವಂಥದ್ದಲ್ಲ. ಒಳ್ಳೆಯ ಡ್ರಮ್ಮರುಗಳು ಕಡಿಮೆ, ಹೀಗಾಗಿ ಒಬ್ಬನೇ ನಾಲ್ಕು ತಂಡಗಳಲ್ಲಿ ನುಡಿಸುತ್ತಾನೆ. ಗಿಗ್ ಇದ್ದ ದಿನ ಅವನು ಬೇರೆಡೆ ಸಿಕ್ಕಿಬಿದ್ದರೆ ‘ಸಬ್’, ಅಂದರೆ ಬದಲಿ ವಾದಕ, ಬರುತ್ತಾನೆ. ಜನಪ್ರಿಯ ಹಾಡುಗಳ ಕವರ್ ನುಡಿಸುವ ತಂಡಕ್ಕೆ ಇದರಿಂದ ತೊಂದರೆ ಇಲ್ಲ. ಅವರಿಗೂ ಯಕ್ಷಗಾನದವರ ಹಾಗೆ ಎಲ್ಲರಿಗೂ ಗೊತ್ತಿರುವ ಪ್ರಸಂಗವಿದೆ. ಪೆಟ್ಟು ಬೀಳುವುದು ‘ಓಸಿ’, ಅಂದರೆ ಸ್ವಂತ ಹಾಡು ಮಾಡುವವರಿಗೆ.

ಬೆಂಗಳೂರಿನ ರಘು ದೀಕ್ಷಿತ್ ಇದಕ್ಕೆ ಮೊದಲೇ ಉಪಾಯ ಮಾಡಿಕೊಂಡರು. ಪಿಟೀಲಿನ ಎಚ್.ಎನ್. ಭಾಸ್ಕರ್ ಜೊತೆ ಕಟ್ಟಿದ್ದ ಅಂತರಾಗ್ನಿ ನಿಂತ ಮೇಲೆ ಹೊಸ ತಂಡಕ್ಕೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದೇ ಹೆಸರಿಟ್ಟರು. ಬಾಗಿಲು ತೆರೆದ ಮನೆ, ವಾದಕರು ಬರಬಹುದು, ಹೋಗಬಹುದು. ಹಾಡು, ಗಂಟಲು ಒಬ್ಬರದೇ ಆದ್ದರಿಂದ ಅದು ನಡೆಯುತ್ತದೆ. ಅದರಲ್ಲಿ ಕಳೆದುಕೊಳ್ಳುವುದೂ ಇದೆ: ಯಾರು ಬಂದರೂ ನಡೆಯುವಂತೆ ಕಟ್ಟಿದ ಹಾಡಿನಲ್ಲಿ, ಇಂಥವನೇ ಬೇಕು ಎನ್ನುವ ಜಾಗ ಕಡಿಮೆ.

ಈಗ ಇನ್ನೊಂದು ಸುಲಭದ ದಾರಿ ಸಿಕ್ಕಿದೆ. ಹಳೆಯ ರೆಕಾರ್ಡಿಂಗ್‌ನ ಒಂದೊಂದು ವಾದ್ಯವನ್ನೂ ಬೇರೆ ಬೇರೆ ಕಡತವಾಗಿ ಹೊಸಬನ ಫೋನಿಗೆ ಕಳಿಸುತ್ತಾರೆ. ಅವನು ಮನೆಯಲ್ಲೇ ಹೆಡ್‌ಫೋನ್ ಹಾಕಿಕೊಂಡು ಒಂದೊಂದು ಏಟನ್ನೂ ಎತ್ತುತ್ತಾನೆ. ವೇದಿಕೆಯ ಮೇಲೆ ಎಲ್ಲರ ಕಿವಿಯಲ್ಲೂ ಲಯ ಹಿಡಿದುಕೊಡುವ ಕ್ಲಿಕ್ ಟಿಕ್ ಟಿಕ್ ಎನ್ನುತ್ತಿರುತ್ತದೆ. ಒಂದೇ ಅಭ್ಯಾಸಕ್ಕೆ ತಂಡ ‘ಟೈಟ್’. ನನಗೆ ಇದು ಹಿಡಿಸುವುದಿಲ್ಲ. ನಕಲು ಎಷ್ಟು ದೂರ ಬರುತ್ತದೆಂದು ಯಕ್ಷಗಾನದಲ್ಲಿ ನೋಡಿದ್ದೇವೆ: ಭಾಗವತ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದ ಮೇಲೆ ಬಡಗುತಿಟ್ಟಿನಲ್ಲಿ ಅವರ ಗಂಟಲನ್ನೇ ತೊಟ್ಟುಕೊಂಡು ಹಾಡಲು ಹೊರಟವರು ಎಷ್ಟೋ ಜನ. ಸಭೆ ಮೊದಲ ಪದ್ಯಕ್ಕೆ ರೋಮಾಂಚನಗೊಂಡು ಮೂರನೆಯದಕ್ಕೆ ನಾವಡರ ಕ್ಯಾಸೆಟ್ ನೆನೆಯುತ್ತಿತ್ತು. ಉಳಿದವರು ಯಾರು ಎಂದು ನೋಡಿದರೆ, ನಾವಡರಿಂದ ಕಲಿತೂ ತಮ್ಮ ಗಂಟಲಲ್ಲಿ ಹಾಡಿದವರು.

ಆಳು ಬದಲಾಗುವುದರಲ್ಲಿ ದುಡ್ಡಿನ ಮಾತೂ ಇದೆ, ಅದನ್ನು ಯಾರೂ ಎತ್ತುವುದಿಲ್ಲ. ಬದಲಿಗೆ ಬಂದವನು ತಂಡದ ಸದಸ್ಯನೋ ಅಥವಾ ಗಿಗ್‌ಗಿಷ್ಟು ಎಂದು ಪಡೆಯುವ ಸೆಷನ್ ವಾದಕನೋ? ಡ್ಯಾರಿಲ್ ಜೋನ್ಸ್ ಮೂರು ದಶಕದಿಂದ ಸ್ಟೋನ್ಸ್ ಜೊತೆ ನುಡಿಸುತ್ತಿದ್ದಾರೆ, ಇವತ್ತಿಗೂ ಅಧಿಕೃತ ಸದಸ್ಯರಲ್ಲ. ದಿನಗೂಲಿಯವನು ಹೇಳಿದ್ದನ್ನು ನುಡಿಸುತ್ತಾನೆ, ಹಾಡಿನ ಮೂರನೇ ಸಾಲು ಸರಿಯಿಲ್ಲ ಎಂದು ಜಗಳ ತೆಗೆಯುವುದಿಲ್ಲ. ಜಗಳ ತೆಗೆಯುವ ಹಕ್ಕಿದ್ದವನು ಮಾತ್ರ ಹಾಡು ಬದಲಿಸಬಲ್ಲ. ಇಂಡಸ್ ಕ್ರೀಡ್‌ನ ಮೂವರು ಹಳಬರು ಇಬ್ಬರು ಕಿರಿಯರನ್ನು ಕೂಲಿಗೆ ಕರೆದು ಹಳೆಯ ‘ಟಾಪ್ ಆಫ್ ದಿ ರಾಕ್’ ನುಡಿಸುತ್ತಾ ಊರೂರು ತಿರುಗಬಹುದಿತ್ತು. ನೆನಪಿಗೆ ಟಿಕೆಟ್ ಕೊಳ್ಳುವವರು ಮುಂಬಯಿಯಲ್ಲಿ ಬೇಕಾದಷ್ಟಿದ್ದಾರೆ. ಅವರು ಇಬ್ಬರನ್ನೂ ಸದಸ್ಯರೆಂದೇ ಕರೆದು, ಆಲ್ಬಮ್‌ಗೆ ಹೊಸ ಹಾಡುಗಳನ್ನು ಮಾಡಿ, ಹಳೆಯದನ್ನು ಕೇಳಲು ಬಂದವರನ್ನು ಮೊದಲು ಹೊಸದಕ್ಕೆ ಕೂರಿಸಿದರು. ಕೆಲವರಿಗೆ ಬೇಸರವಾಯಿತು. ಆಗಲಿ.